ಹಳೆಯ ಟ್ರಕ್ ಎಂಜಿನ್‌ನಲ್ಲಿ ಪ್ಲಗ್ ವೈರ್‌ಗಳ ದಾರಿ: ಮಿಸ್ಸಿಂಗ್ ದೋಷದ ಪತ್ತೆ ಮತ್ತು ನಿವಾರಣೆ

ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಹಾಕಿ ಮತ್ತೆ ಜೋಡಿಸಿದ ಹಳೆಯ ಪೆಟ್ರೋಲ್ ಟ್ರಕ್ ಎಂಜಿನ್ ನಿಂತಲ್ಲಿ ಸಮವಾಗಿಯೇ ಓಡುತ್ತದೆ; ಆದರೆ ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಮಿಸ್ಸಿಂಗ್ (ಕೆಲವು ಸಿಲಿಂಡರ್ ಉರಿಯದೆ ಎಂಜಿನ್ ತಡವರಿಸುವುದು) ಹೊಡೆಯಲು ತೊಡಗುತ್ತದೆ. ಇಂಥ ದೂರು ಬಂದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರ್ ಕಡೆಗೆ. ಜೆಟ್ ಬದಲಾಯಿಸುತ್ತಾರೆ, ಫ್ಲೋಟ್ ಮಟ್ಟ ಸರಿಪಡಿಸುತ್ತಾರೆ, ಪೆಟ್ರೋಲ್ ಪಂಪ್ ಬಿಚ್ಚುತ್ತಾರೆ. ಪುನರುಜ್ಜೀವನಗೊಂಡ ಎಂಜಿನ್‌ಗಳಲ್ಲಿ ಈ ಲಕ್ಷಣದ ಮೂಲ ಅನೇಕ ವೇಳೆ ಇಗ್ನಿಷನ್‌ನ ಹೈಟೆನ್ಷನ್ (ಅಧಿಕ ವೋಲ್ಟೇಜ್) ಭಾಗದಲ್ಲಿ, ಅದರಲ್ಲೂ ಡಿಸ್ಟ್ರಿಬ್ಯೂಟರ್‌ನಿಂದ (ಕಿಡಿಯನ್ನು ಸರದಿಯಂತೆ ಸಿಲಿಂಡರ್‌ಗಳಿಗೆ ಹಂಚುವ ಸಾಧನ) ಸ್ಪಾರ್ಕ್ ಪ್ಲಗ್‌ಗಳಿಗೆ ಹೋಗುವ ಪ್ಲಗ್ ವೈರ್‌ಗಳು ಹಾದುಹೋಗುವ ದಾರಿಯಲ್ಲಿ ಇರುತ್ತದೆ. ವೈರ್‌ಗಳು ಹೊಸವು ಎಂಬ ಕಾರಣಕ್ಕೆ ಅವುಗಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನಿಂತಲ್ಲಿ ಕಾಣದ ದೋಷ ಏರಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಸ್ಪಷ್ಟ ಕಾರಣವಿದೆ. ಪ್ಲಗ್‌ನ ಎರಡು ತುದಿಗಳ ನಡುವಿನ ಗ್ಯಾಪ್ ದಾಟಲು ಕಿಡಿಗೆ ಎಷ್ಟು ವೋಲ್ಟೇಜ್ ಬೇಕು ಎಂಬುದು ಗ್ಯಾಪ್‌ನ ಅಗಲವನ್ನು ಮಾತ್ರವಲ್ಲದೆ ಆ ಕ್ಷಣದಲ್ಲಿ ಸಿಲಿಂಡರ್ ಒಳಗಿರುವ ಅನಿಲದ ಸಾಂದ್ರತೆಯನ್ನೂ ಅವಲಂಬಿಸಿದೆ. ನಿಂತಲ್ಲಿ ಓಡುವಾಗ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಸಿಲಿಂಡರ್‌ಗೆ ಹೋಗುವ ಮಿಶ್ರಣ ಕಡಿಮೆ, ಒತ್ತಡವೂ ಕಡಿಮೆ. ಹತ್ತು ಸಾವಿರ ವೋಲ್ಟ್‌ಗಿಂತ ಕಡಿಮೆಯಲ್ಲಿಯೇ ಕಿಡಿ ಹಾರಿಬಿಡಬಹುದು. ಥ್ರಾಟಲ್ ಪೂರ್ತಿ ತೆರೆದು ಎಂಜಿನ್ ಭಾರ ಎಳೆಯುವಾಗ ಅದೇ ಗ್ಯಾಪ್‌ಗೆ ಅದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಹೆಚ್ಚಿಸುವ ಸುರುಳಿ) ತನ್ನ ವೋಲ್ಟೇಜನ್ನು ಏರಿಸುತ್ತಲೇ ಹೋಗುತ್ತದೆ, ಮತ್ತು ನೀರು ತಗ್ಗಿನತ್ತ ಹರಿಯುವಂತೆ ವಿದ್ಯುತ್ತು ಎಲ್ಲಿ ಸುಲಭವೋ ಅಲ್ಲಿಂದ ಹೊರಬೀಳುತ್ತದೆ. ಪ್ಲಗ್‌ನ ಗ್ಯಾಪ್‌ಗಿಂತ ಸುಲಭವಾದ ಇನ್ನೊಂದು ದಾರಿ, ಅದು ಬಿರುಕು ಬಿಟ್ಟ ಬೂಟ್ (ವೈರ್‌ನ ತುದಿಯ ಇನ್ಸುಲೇಷನ್ ಮುಸುಕು) ಇರಲಿ, ಮ್ಯಾನಿಫೋಲ್ಡ್‌ಗೆ ತಾಗಿದ ವೈರ್ ಇರಲಿ, ಪಕ್ಕದ ಸಿಲಿಂಡರ್‌ನ ವೈರ್ ಇರಲಿ, ಸಿಕ್ಕಿತೆಂದರೆ ಕಿಡಿ ಅತ್ತ ಹೋಗುತ್ತದೆ. ಮುಂದೆ ಹೇಳುವ ಪ್ರತಿಯೊಂದು ಪರೀಕ್ಷೆಯೂ ಆ ಎರಡನೆಯ ದಾರಿಯನ್ನು ಹುಡುಕುವ ಕೆಲಸವೇ ಆಗಿದೆ.

ಕೆಲಸಕ್ಕೆ ಕೈಹಾಕುವ ಮೊದಲು

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಮಲ್ಟಿಮೀಟರ್, ಇಂಡಕ್ಟಿವ್ ಕ್ಲಿಪ್ ಇರುವ ಟೈಮಿಂಗ್ ಲೈಟ್, ಇನ್ಸುಲೇಷನ್ ಇರುವ ಪ್ಲಗ್ ಇಕ್ಕಳ, ನೀರು ಚಿಮುಕಿಸುವ ಬಾಟಲಿ, ಉದ್ದ ಹಿಡಿಯ ಸ್ಕ್ರೂಡ್ರೈವರ್, ಅದನ್ನು ಅರ್ತ್ ಮಾಡಲು (ಎಂಜಿನ್ ಅಥವಾ ಬಾಡಿಯ ಲೋಹಕ್ಕೆ ಸೇರಿಸಲು) ಎರಡೂ ತುದಿಗೆ ಕ್ಲಿಪ್ ಇರುವ ತಂತಿ, ಗುರುತು ಹಾಕಲು ಟೇಪ್. ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರನ್ನು ಬರಿಗೈಯಲ್ಲಿ ಮುಟ್ಟಬಾರದು. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಪರೀಕ್ಷೆಗಳಿಂದ ಪೂರ್ತಿ ದೂರವಿರಬೇಕು. ಹಳೆಯ ಟ್ರಕ್‌ಗಳ ಫ್ಯಾನ್‌ಗೆ ಸಾಮಾನ್ಯವಾಗಿ ಸುತ್ತುಗವಸು ಇರುವುದಿಲ್ಲ. ಆದ್ದರಿಂದ ಸಡಿಲ ಅಂಗಿತೋಳು, ಸರ, ಕೈಗಡಿಯಾರ ತೆಗೆದಿಡುವುದು ಒಳ್ಳೆಯದು. ಪೆಟ್ರೋಲ್ ಸೋರಿಕೆ ಎಲ್ಲಿಯೂ ಇಲ್ಲವೆಂದು ಖಚಿತವಾದ ಮೇಲೆಯೇ ಕಿಡಿಯ ಪರೀಕ್ಷೆ ಮಾಡಬೇಕು. ಕತ್ತಲೆಯಲ್ಲಿ ಮಾಡುವ ಪರೀಕ್ಷೆಯನ್ನು ಮುಚ್ಚಿದ ಶೆಡ್ಡಿನೊಳಗೆ ಮಾಡದೆ ರಾತ್ರಿ ಬಯಲಿನಲ್ಲಿ ಮಾಡಬೇಕು, ಏಕೆಂದರೆ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯ ತರುತ್ತದೆ.

ಲಕ್ಷಣ ಓದುವುದು

ಎಂಜಿನ್ ಸ್ಟಾರ್ಟ್ ಆಗದೆ ಕಾರ್ಬ್ಯುರೇಟರ್ ಬಾಯಿಂದಲೋ ಸೈಲೆನ್ಸರ್‌ನಿಂದಲೋ ಬ್ಯಾಕ್‌ಫೈರ್ ಆಗುತ್ತಿದ್ದರೆ ವೈರ್‌ಗಳ ಕ್ರಮ ತಪ್ಪಿದೆ ಅಥವಾ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಿರುಗಿ ಕೂತಿದೆ ಎಂದು ತಿಳಿಯಬಹುದು. ಎಂಜಿನ್ ಓಡುತ್ತದೆ, ಆದರೆ ಎಲ್ಲ ವೇಗದಲ್ಲಿಯೂ ಒಂದೇ ಲಯದಲ್ಲಿ ಕುಂಟುತ್ತದೆ ಎಂದಾದರೆ ಒಂದು ಸಿಲಿಂಡರ್ ಸಂಪೂರ್ಣ ನಿಂತಿದೆ. ಒಣಹವೆಯಲ್ಲಿ ಸರಿಯಿದ್ದು ಮಳೆ ಮಂಜಿನಲ್ಲಿ ಮಾತ್ರ ಕಾಡಿದರೆ ಕ್ಯಾಪ್ (ಡಿಸ್ಟ್ರಿಬ್ಯೂಟರ್‌ನ ಮುಚ್ಚಳ; ವೈರ್‌ಗಳು ಸೇರುವುದು ಇದರ ಕಂಬಗಳಿಗೆ), ಬೂಟ್, ವೈರ್‌ಗಳ ಹೊರಮೈಯಲ್ಲಿ ಸೋರಿಕೆ ಇದೆ. ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ಎಂದರೂ ಸೋರಿಕೆಯೇ ಮೊದಲ ಶಂಕಿತ. ಇವೆಲ್ಲಕ್ಕಿಂತ ಅಪಾಯಕರ ಲಕ್ಷಣ ಇನ್ನೊಂದಿದೆ: ಭಾರ ಎಳೆಯುವಾಗ ಮಿಸ್ಸಿಂಗ್ ಜೊತೆಗೆ ಲೋಹಕ್ಕೆ ಲೋಹ ಬಡಿದಂಥ ನಾಕಿಂಗ್ ಸದ್ದು ಬರುವುದು, ಮತ್ತು ಟೈಮಿಂಗ್ (ಕಿಡಿ ಹಾರುವ ಕ್ಷಣ) ಎಷ್ಟು ಹಿಂದಕ್ಕೆ ಸರಿಸಿದರೂ ಆ ಸದ್ದು ಪೂರ್ತಿ ಹೋಗದಿರುವುದು. ಇದು ಕಂಡರೆ ಗಾಡಿಯನ್ನು ಓಡಿಸುವುದು ನಿಲ್ಲಿಸಿ ನೇರವಾಗಿ ಈ ಬರಹದ ಕ್ರಾಸ್‌ಫೈರ್ (ತಪ್ಪಾದ ಸಿಲಿಂಡರ್‌ನಲ್ಲಿ ಕಿಡಿ ಹಾರುವುದು) ಎಂಬ ಭಾಗಕ್ಕೆ ಹೋಗಬೇಕು.

ಮೊದಲು ಫೈರಿಂಗ್ ಆರ್ಡರ್

ವೈರ್‌ಗಳ ದಾರಿಯನ್ನು ಪರೀಕ್ಷಿಸುವ ಮೊದಲು ಪ್ರತಿ ವೈರ್ ಸರಿಯಾದ ಸಿಲಿಂಡರ್‌ಗೆ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದು ಸುಲಭವೆಂದು ಕಂಡರೂ ಎಡವುವ ಜಾಗಗಳು ಮೂರಿವೆ.

ಒಂದನೆಯದು ಸಿಲಿಂಡರ್‌ಗಳ ಸಂಖ್ಯೆ. ಸಾಲಿನ ಆರು ಸಿಲಿಂಡರ್ ಎಂಜಿನ್‌ನಲ್ಲಿ ರೇಡಿಯೇಟರ್ ಕಡೆಯದು ಒಂದನೆಯದು ಎಂಬಲ್ಲಿಗೆ ಮುಗಿಯುತ್ತದೆ. ಷೆವರ್ಲೆಯ 216 ಮತ್ತು 235 ಘನ ಇಂಚಿನ ಹಳೆಯ ಸಿಕ್ಸ್‌ಗಳಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಕ್ರಮ) 1-5-3-6-2-4, ರೋಟರ್ (ಕ್ಯಾಪ್‌ನೊಳಗೆ ತಿರುಗುತ್ತಾ ಪ್ರತಿ ಕಂಬಕ್ಕೆ ಕಿಡಿ ಹಂಚುವ ತುಂಡು) ತಿರುಗುವುದು ಪ್ರದಕ್ಷಿಣವಾಗಿ. ವಿ8ಗಳಲ್ಲಿ, ಅಂದರೆ ವಿ ಆಕಾರದ ಎರಡು ಸಾಲಿನ ಎಂಟು ಸಿಲಿಂಡರ್ ಎಂಜಿನ್‌ಗಳಲ್ಲಿ, ಹಾಗಲ್ಲ. ಚಾಲಕನ ಆಸನದಲ್ಲಿ ಮುಂದೆ ನೋಡುತ್ತಾ ಕೂತಾಗಿನ ಎಡ ಬಲವನ್ನೇ ಲೆಕ್ಕಕ್ಕೆ ಹಿಡಿದರೆ, 1955ರಲ್ಲಿ ಬಂದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8ನಲ್ಲಿ ಎಡ ಸಾಲು 1, 3, 5, 7 ಮತ್ತು ಬಲ ಸಾಲು 2, 4, 6, 8. ಫೋರ್ಡ್ ವಿ8ಗಳಲ್ಲಿ ಬಲ ಸಾಲು ಮುಂದಿನಿಂದ 1, 2, 3, 4 ಮತ್ತು ಎಡ ಸಾಲು 5, 6, 7, 8. ಷೆವರ್ಲೆ ಸ್ಮಾಲ್ ಬ್ಲಾಕ್‌ನ ಆರ್ಡರ್ 1-8-4-3-6-5-7-2. ಫೋರ್ಡ್‌ನ ಹಳೆಯ ಫ್ಲಾಟ್‌ಹೆಡ್ ವಿ8ನದು 1-5-4-8-6-3-7-2, ಅನಂತರದ ಎಫ್‌ಇ ಸರಣಿಯದು 1-5-4-2-6-3-7-8. ಹಳೆಯ ಟ್ರಕ್‌ಗಳಲ್ಲಿ ಮೂಲ ಎಂಜಿನ್ ತೆಗೆದು ಬೇರೆ ಎಂಜಿನ್ ಕೂರಿಸಿರುವುದು ಅಪರೂಪವಲ್ಲ. ಆದ್ದರಿಂದ ಬಾನೆಟ್ ಮೇಲಿನ ಹೆಸರನ್ನು ನಂಬದೆ, ಎಂಜಿನ್ ಬ್ಲಾಕ್ ಮೇಲಿನ ಅಂಕಿಗಳನ್ನು ಓದಿ ಯಾವ ಎಂಜಿನ್ ಎಂದು ತೀರ್ಮಾನಿಸಿಯೇ ಮುಂದುವರಿಯಬೇಕು.

ಎರಡನೆಯದು ರೋಟರ್ ತಿರುಗುವ ದಿಕ್ಕು. ಕ್ಯಾಪ್ ತೆಗೆದು, ಎಂಜಿನ್ ಅನ್ನು ಕೈಯಿಂದ ತಿರುಗಿಸಿ, ಕಣ್ಣಾರೆ ನೋಡಿಯೇ ಇದನ್ನು ನಿರ್ಧರಿಸಬೇಕು. ವಿಲ್ಲಿಸ್ ಜೀಪ್‌ನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಆರ್ಡರ್ 1-3-4-2, ರೋಟರ್ ಅಪ್ರದಕ್ಷಿಣ. ಫೋರ್ಡ್ ಎಫ್‌ಇಯಲ್ಲಿಯೂ ಅಪ್ರದಕ್ಷಿಣವೇ. ದಿಕ್ಕು ತಪ್ಪಿ, ಆರ್ಡರ್ ಮಾತ್ರ ಸರಿಯಾಗಿ ಜೋಡಿಸಿದಾಗ ಉಂಟಾಗುವ ಸ್ಥಿತಿ ತುಂಬ ಮೋಸದ್ದು. ಸಿಕ್ಸ್‌ನಲ್ಲಿ 1-5-3-6-2-4 ಅನ್ನು ಹಿಮ್ಮುಖವಾಗಿ ಹಾಕಿದರೆ ಒಂದನೆಯ ಮತ್ತು ಆರನೆಯ ಸಿಲಿಂಡರ್‌ಗಳ ವೈರ್‌ಗಳು ತಮ್ಮ ಜಾಗದಲ್ಲಿಯೇ ಉಳಿಯುತ್ತವೆ. 5 ಮತ್ತು 4, 3 ಮತ್ತು 2 ಪರಸ್ಪರ ಬದಲಾಗುತ್ತವೆ. ಟೈಮಿಂಗ್ ಲೈಟನ್ನು ಒಂದನೆಯ ವೈರ್‌ಗೆ ಹಾಕಿ ನೋಡಿದವನಿಗೆ ಟೈಮಿಂಗ್ ಸರಿಯಾಗಿಯೇ ಕಾಣುತ್ತದೆ, ಎಂಜಿನ್ ಮಾತ್ರ ಓಡುವುದಿಲ್ಲ. ನಾಲ್ಕು ಸಿಲಿಂಡರ್‌ನಲ್ಲಿ ಇದೇ ರೀತಿ 1 ಮತ್ತು 4, ಷೆವರ್ಲೆ ವಿ8ನಲ್ಲಿ 1 ಮತ್ತು 6 ಸರಿಯಾಗಿ ಉಳಿಯುತ್ತವೆ. ಎರಡೇ ಸಿಲಿಂಡರ್ ಕೆಲಸ ಮಾಡಿ ಉಳಿದವೆಲ್ಲ ಉಗುಳುತ್ತಿವೆ ಎಂದಾಗ, ಮೊದಲು ನೋಡಬೇಕಾದುದು ಇದನ್ನೇ.

ಮೂರನೆಯದು, ಒಂದನೆಯ ಸಿಲಿಂಡರ್ ಯಾವ ಹೊಡೆತದಲ್ಲಿದೆ ಎಂಬುದು. ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಪಿಸ್ಟನ್ ಮೇಲಿನ ತುದಿಗೆ ಎರಡು ಬಾರಿ ಬರುತ್ತದೆ, ಸಂಕೋಚನದ ಕೊನೆಗೊಮ್ಮೆ ಮತ್ತು ಹೊಗೆ ಹೊರದೂಡುವ ಹೊಡೆತದ ಕೊನೆಗೊಮ್ಮೆ. ಪುಲ್ಲಿ ಅಥವಾ ಫ್ಲೈವೀಲ್ ಮೇಲಿನ ಗುರುತು ಎರಡೂ ಬಾರಿ ಸೂಚಿಗೆ ಸೇರುತ್ತದೆ. ಒಂದನೆಯ ಪ್ಲಗ್ ತೆಗೆದು ಆ ರಂಧ್ರದ ಮೇಲೆ ಹೆಬ್ಬೆರಳಿಟ್ಟು, ಬೇರೊಬ್ಬರಿಂದ ಎಂಜಿನ್ ಅನ್ನು ನಿಧಾನವಾಗಿ ತಿರುಗಿಸಬೇಕು. ಗಾಳಿ ಬೆರಳನ್ನು ಹೊರಗೆ ತಳ್ಳಿದ ಮೇಲೆ ಗುರುತು ಸೇರುವ ಜಾಗವೇ ಸರಿಯಾದುದು. ಹಳೆಯ ಷೆವರ್ಲೆ ಸಿಕ್ಸ್‌ಗಳಲ್ಲಿ ಗುರುತು ಪುಲ್ಲಿಯ ಮೇಲಿರದೆ ಫ್ಲೈವೀಲ್ ಮೇಲೆ ಕೂರಿಸಿದ ಸಣ್ಣ ಉಕ್ಕಿನ ಗುಂಡಿನ ರೂಪದಲ್ಲಿರುತ್ತದೆ; ಹೌಸಿಂಗ್‌ನ ಕಿಂಡಿಯಿಂದ ನೋಡಬೇಕು, ಮತ್ತು ವರ್ಷಗಳ ಎಣ್ಣೆಜಿಡ್ಡು ಒರೆಸದೆ ಅದು ಕಾಣುವುದಿಲ್ಲ. ಆ ಸ್ಥಿತಿಯಲ್ಲಿ ರೋಟರ್ ಕ್ಯಾಪ್‌ನ ಯಾವ ಕಂಬದತ್ತ ಮುಖಮಾಡಿದೆಯೋ ಅದೇ ಒಂದನೆಯ ಕಂಬ. ಸರ್ವಿಸ್ ಪುಸ್ತಕದ ಚಿತ್ರದಲ್ಲಿ ಅದು ಬೇರೆ ಕಡೆ ಇದ್ದರೆ ಡಿಸ್ಟ್ರಿಬ್ಯೂಟರ್‌ನ ಗೇರ್ ಹಲ್ಲು ತಪ್ಪಿ ಕೂತಿದೆ ಎಂದರ್ಥ. ವೈರ್‌ಗಳನ್ನೆಲ್ಲ ಅದಕ್ಕೆ ತಕ್ಕಂತೆ ಸರಿಸಿ ಎಂಜಿನ್ ಓಡಿಸಬಹುದು, ಆದರೆ ನಾನು ಹಾಗೆ ಮಾಡುವುದನ್ನು ಒಪ್ಪುವುದಿಲ್ಲ: ಮೂಲ ಉದ್ದಕ್ಕೆ ಕತ್ತರಿಸಿದ ವೈರ್‌ಗಳು ಆಗ ಕೆಲವು ಕಡೆ ಬಿಗಿಯಾಗಿ, ಕೆಲವು ಕಡೆ ಜೋತು ಬಿದ್ದು, ತಮಗೆಂದು ಮಾಡಿದ ಕ್ಲಿಪ್‌ಗಳಿಗೆ ಸೇರುವುದೇ ಇಲ್ಲ, ವ್ಯಾಕ್ಯೂಮ್ ಅಡ್ವಾನ್ಸ್‌ನ ಡಬ್ಬಿಯೂ ಪಕ್ಕದ ಪೈಪಿಗೆ ತಾಗಿ ಟೈಮಿಂಗ್ ಹೊಂದಿಸಲು ಅಡ್ಡಿಯಾಗಬಹುದು. ಡಿಸ್ಟ್ರಿಬ್ಯೂಟರ್ ಎತ್ತಿ ಸರಿಯಾಗಿ ಕೂರಿಸುವುದೇ ಮೇಲು.

ವೈರ್‌ನ ಒಳಗಿನ ದೋಷ

ಕ್ರಮ ಸರಿಯಿದ್ದೂ ಒಂದು ಸಿಲಿಂಡರ್ ನಿಂತಿದ್ದರೆ ಯಾವುದೆಂದು ಕಂಡುಹಿಡಿಯಲು ಟೈಮಿಂಗ್ ಲೈಟ್ ಸಾಕು. ಅದರ ಕ್ಲಿಪ್ಪನ್ನು ಒಂದೊಂದೇ ವೈರ್‌ಗೆ ಹಾಕುತ್ತಾ ಬೆಳಕನ್ನು ಗಮನಿಸಬೇಕು. ಒಂದರಲ್ಲಿ ಮಿನುಗು ತಪ್ಪುತ್ತಿದ್ದರೆ ಅಥವಾ ಇಲ್ಲದಿದ್ದರೆ ಆ ವೈರ್‌ನಲ್ಲಿ ಪ್ರವಾಹ ಹರಿಯುತ್ತಿಲ್ಲ. ಬೆಳಕು ಸಮವಾಗಿದ್ದರೆ ಪ್ರವಾಹ ಹರಿಯುತ್ತಿದೆ ಎಂದಷ್ಟೇ ಅರ್ಥ. ಅದು ಪ್ಲಗ್‌ನೊಳಗೇ ಹೋಯಿತೇ, ನಡುವೆ ಅರ್ತ್‌ಗೆ ಹಾರಿತೇ ಎಂಬುದನ್ನು ಈ ಲೈಟ್ ಹೇಳಲಾರದು. ಎಂಜಿನ್ ಓಡುವಾಗ ವೈರ್ ಕಿತ್ತು ಗಾಳಿಯಲ್ಲಿ ಹಿಡಿಯುವ ಹಳೆಯ ರೂಢಿಯನ್ನು ಬಿಡಬೇಕು, ಏಕೆಂದರೆ ಹೋಗಲು ದಾರಿಯಿಲ್ಲದ ವೋಲ್ಟೇಜ್ ಕಾಯಿಲ್‌ನ ಇನ್ಸುಲೇಷನ್ ಅಥವಾ ಕ್ಯಾಪ್ ಅನ್ನು ಸೀಳಿ ಹೊಸ ದೋಷ ಹುಟ್ಟಿಸುತ್ತದೆ. ಕಿತ್ತ ವೈರ್‌ನ ತುದಿಯನ್ನು ಅರ್ತ್‌ಗೆ ಸೇರಿಸಿಯೇ ಪರೀಕ್ಷಿಸಬೇಕು.

ಅನಂತರ ಎಂಜಿನ್ ನಿಲ್ಲಿಸಿ, ವೈರನ್ನು ಎರಡೂ ತುದಿಗಳಿಂದ ಬಿಡಿಸಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಬೇಕು. ತಾಮ್ರದ ಎಳೆಗಳಿರುವ ಹಳೆಯ ಬಗೆಯ ವೈರ್ ಸೊನ್ನೆಗೆ ಬಹಳ ಹತ್ತಿರ ತೋರಿಸಬೇಕು. ಕಾರ್ಬನ್ ತಿರುಳಿನ ವೈರ್ ಸಾಮಾನ್ಯವಾಗಿ ಒಂದು ಮೀಟರ್ ಉದ್ದಕ್ಕೆ ಸುಮಾರು 10ರಿಂದ 23 ಕಿಲೋಓಮ್ ತೋರಿಸುತ್ತದೆ. 60 ಸೆಂಟಿಮೀಟರ್ ಉದ್ದದ ವೈರ್‌ಗೆ 6ರಿಂದ 14 ಕಿಲೋಓಮ್. ನಿಖರ ಅಂಕಿಗಿಂತ ಮುಖ್ಯವಾದುದು ಹೋಲಿಕೆ: ಒಂದೇ ಸೆಟ್ಟಿನ, ಸರಿಸುಮಾರು ಒಂದೇ ಉದ್ದದ ವೈರ್‌ಗಳಲ್ಲಿ ಒಂದು ಮಾತ್ರ ಎರಡು ಮೂರು ಪಟ್ಟು ತೋರಿಸಿದರೆ ಅದನ್ನು ತೆಗೆದುಹಾಕಬೇಕು. ಅಳೆಯುವಾಗ ವೈರನ್ನು ಮೆಲ್ಲಗೆ ಬಗ್ಗಿಸುತ್ತಾ, ತುದಿಗಳನ್ನು ಅಲುಗಿಸುತ್ತಾ ನೋಡಬೇಕು. ಅಂಕಿ ಕುಣಿದರೆ ತುದಿಯ ಟರ್ಮಿನಲ್ ಸರಿಯಾಗಿ ಒತ್ತಿಲ್ಲ. ಕಾರ್ಬನ್ ತಿರುಳು ಎಳೆತ ತಡೆಯದ್ದು. ಅಂಥ ವೈರನ್ನು ಬೂಟ್ ಹಿಡಿದು ತಿರುಚಿ ಬಿಡಿಸಬೇಕೇ ಹೊರತು ವೈರ್ ಹಿಡಿದು ಎಳೆಯಬಾರದು.

ಹಳೆಯ ಎಂಜಿನ್‌ಗಳಲ್ಲಿ ಇಲ್ಲಿ ಒಂದು ವಿಶೇಷ ತೊಡಕಿದೆ. ಕೆಲವು ಹಳೆಯ ಕ್ಯಾಪ್‌ಗಳಲ್ಲಿ ವೈರ್‌ಗೆ ಲೋಹದ ಟರ್ಮಿನಲ್ ಇರುವುದಿಲ್ಲ. ವೈರನ್ನು ಪಕ್ಕದ ತೂತಿಗೆ ತುರುಕಿ, ಮೊನಚಾದ ಸ್ಕ್ರೂ ಅದರ ನಡುವಿಗೆ ಚುಚ್ಚುವಂತೆ ತಿರುಗಿಸಲಾಗುತ್ತದೆ. ಆ ವ್ಯವಸ್ಥೆ ತಾಮ್ರದ ಎಳೆಗಳಿಗಾಗಿ ಮಾಡಿದ್ದು. ಅಲ್ಲಿ ಕಾರ್ಬನ್ ತಿರುಳಿನ ವೈರ್ ಹಾಕಿದರೆ ಸ್ಕ್ರೂ ತಿರುಳನ್ನು ಪುಡಿಮಾಡುತ್ತದೆ, ಮತ್ತು ಕೆಲವು ದಿನ ಚೆನ್ನಾಗಿ ಓಡಿದ ಮೇಲೆ ಒಂದೊಂದೇ ಸಿಲಿಂಡರ್ ಕೈಕೊಡುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ: ಪಾಯಿಂಟ್ (ಕಾಯಿಲ್‌ನ ಪ್ರವಾಹ ಕಡಿಯುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿದ ಎಂಜಿನ್‌ಗೆ ತಾಮ್ರದ ವೈರ್ ಹೊಂದುವುದಿಲ್ಲ. ಅದು ಹೊಮ್ಮಿಸುವ ವಿದ್ಯುತ್ ಗದ್ದಲ ಎಲೆಕ್ಟ್ರಾನಿಕ್ ಭಾಗವನ್ನು ಗಲಿಬಿಲಿಗೊಳಿಸಿ, ಹೊರನೋಟಕ್ಕೆ ಮಿಸ್ಸಿಂಗ್‌ನಂತೆಯೇ ಕಾಣುವ ತೊಂದರೆ ಕೊಡಬಹುದು.

ಸೋರಿಕೆಯ ಪತ್ತೆ

ಓಮ್ ಸರಿಯಿದ್ದ ವೈರ್‌ನ ಇನ್ಸುಲೇಷನ್ ಸರಿಯಿದೆ ಎಂದು ಭಾವಿಸುವಂತಿಲ್ಲ. ಮೀಟರ್ ಕೆಲವೇ ವೋಲ್ಟ್‌ನಲ್ಲಿ ಅಳೆಯುತ್ತದೆ, ಸೋರಿಕೆ ಸಾವಿರಾರು ವೋಲ್ಟ್‌ನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ.

ಮೊದಲು ಕತ್ತಲೆಯ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು, ವೈರ್‌ಗಳ ಉದ್ದಕ್ಕೂ ದೃಷ್ಟಿ ಹಾಯಿಸಬೇಕು. ವೈರ್ ಸುತ್ತ ಮಸುಕಾದ ನೀಲಿ ಹೊಳಪು ಕಂಡರೆ ಇನ್ಸುಲೇಷನ್ ಮುಪ್ಪಾಗಿದೆ ಅಥವಾ ಅರ್ತ್ ಆದ ಲೋಹ ತೀರ ಹತ್ತಿರವಿದೆ. ಚಟಪಟ ಸದ್ದಿನೊಡನೆ ಎಳೆಯಂಥ ಕಿಡಿ ಕಂಡರೆ ಅಲ್ಲಿ ತೂತೇ ಬಿದ್ದಿದೆ. ಸಹಾಯಕರೊಬ್ಬರು ಥ್ರಾಟಲನ್ನು ಥಟ್ಟನೆ ತೆರೆದು ಬಿಡುತ್ತಿರಬೇಕು. ಆ ಒಂದು ಕ್ಷಣ ಸಿಲಿಂಡರ್ ಒತ್ತಡ ಏರಿ ಪ್ಲಗ್ ಹೆಚ್ಚು ವೋಲ್ಟೇಜ್ ಕೇಳುವುದರಿಂದ ಅಡಗಿದ್ದ ಸೋರಿಕೆ ಹೊರಬೀಳುತ್ತದೆ.

ಇದರಲ್ಲಿ ಏನೂ ಕಾಣದಿದ್ದರೆ ನೀರು ಚಿಮುಕಿಸಬೇಕು. ಒಂದು ಸಲಕ್ಕೆ ಒಂದೇ ವೈರ್‌ಗೆ, ಮಂಜಿನಷ್ಟು ತೆಳ್ಳಗೆ, ಕ್ಯಾಪ್‌ನ ಕಂಬದಿಂದ ಪ್ಲಗ್‌ನ ಬೂಟಿನವರೆಗೆ. ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನೀರು ಸುರಿಯಬಾರದು, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಯಾವ ಜಾಗ ಒದ್ದೆಯಾದಾಗ ಎಂಜಿನ್ ಕುಂಟಿತೋ ಅದೇ ಜಾಗ. ಇನ್ನೂ ಖಚಿತಪಡಿಸಿಕೊಳ್ಳಬೇಕೆಂದರೆ, ಅರ್ತ್‌ಗೆ ಕಟ್ಟಿದ ಸ್ಕ್ರೂಡ್ರೈವರ್‌ನ ಲೋಹದ ತುದಿಯನ್ನು ವೈರ್‌ನ ಉದ್ದಕ್ಕೂ, ಬೂಟ್‌ಗಳ ಬುಡದಲ್ಲಿ, ಕಾಯಿಲ್‌ನ ಕಂಬದ ಸುತ್ತ ಮೆಲ್ಲನೆ ಸರಿಸಬೇಕು; ಸೋರುವ ಜಾಗದಿಂದ ಕಿಡಿ ಅದರತ್ತ ಹಾರುತ್ತದೆ.

ಕ್ಯಾಪ್ ಅನ್ನು ಬಿಚ್ಚಿ ಒಳಗೂ ಹೊರಗೂ ಬೆಳಕಿನಲ್ಲಿ ನೋಡಬೇಕು. ಕಂಬದಿಂದ ಕಂಬಕ್ಕೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದ್ದರೆ ಅದು ಕಿಡಿ ಸುಟ್ಟು ಮಾಡಿದ ಕಾರ್ಬನ್ ದಾರಿ. ಒರೆಸಿದರೆ ಹೋಗುವುದಿಲ್ಲ, ಉಜ್ಜಿ ತೆಗೆದರೂ ಮತ್ತೆ ಬರುತ್ತದೆ. ಕ್ಯಾಪ್ ಬದಲಾಯಿಸುವುದೊಂದೇ ಪರಿಹಾರ. ನಡುವಿನ ಕಾರ್ಬನ್ ಗುಂಡಿ ಸವೆದಿದೆಯೇ, ರೋಟರ್‌ನ ತುದಿ ಸುಟ್ಟಿದೆಯೇ, ಕಂಬಗಳ ಒಳಗೆ ಹಸಿರು ಕಿಲುಬು ಕೂತಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು. ಕ್ಯಾಪ್‌ನಲ್ಲಿ ಪಕ್ಕಪಕ್ಕದ ಕಂಬಗಳು ಯಾವಾಗಲೂ ಒಂದಾದ ಮೇಲೊಂದು ಉರಿಯುವ ಸಿಲಿಂಡರ್‌ಗಳವೇ ಆಗಿರುತ್ತವೆ. ಆದ್ದರಿಂದ ಕಂಬದ ನಡುವಿನ ಸೋರಿಕೆ ಮುಂದಿನ ಸಿಲಿಂಡರ್‌ಗೆ ಹಾರಿದರೆ ಅಲ್ಲಿ ಅಕಾಲದ ಕಿಡಿಯಾಗುತ್ತದೆ, ಆಗಲೇ ಉರಿದು ಮುಗಿದ ಹಿಂದಿನ ಸಿಲಿಂಡರ್‌ಗೆ ಹಾರಿದರೆ ಉರಿಯಬೇಕಾದ ಸಿಲಿಂಡರ್ ಕಿಡಿ ಕಳೆದುಕೊಂಡು ಬರಿಯ ಮಿಸ್ಸಿಂಗ್ ಆಗುತ್ತದೆ.

ಕ್ರಾಸ್‌ಫೈರ್: ಇನ್ಸುಲೇಷನ್ ಸರಿಯಿದ್ದೂ ಬರುವ ದೋಷ

ಇದುವರೆಗೆ ಹೇಳಿದ ದೋಷಗಳಲ್ಲಿ ಯಾವುದೋ ಒಂದು ಭಾಗ ಕೆಟ್ಟಿರುತ್ತದೆ. ಕ್ರಾಸ್‌ಫೈರ್‌ನಲ್ಲಿ ಹಾಗಿಲ್ಲ. ವೈರ್ ಹೊಸದು, ಇನ್ಸುಲೇಷನ್ ಗಟ್ಟಿ, ಓಮ್ ಸರಿ, ಕ್ಯಾಪ್ ಸ್ವಚ್ಛ. ಆದರೂ ತಪ್ಪಾದ ಸಿಲಿಂಡರ್‌ನಲ್ಲಿ ಕಿಡಿ ಹಾರುತ್ತದೆ. ಒಂದು ವೈರ್‌ನಲ್ಲಿ ಪ್ರವಾಹ ಥಟ್ಟನೆ ಏರಿದಾಗ ಅದರ ಸುತ್ತಲಿನ ಕಾಂತಕ್ಷೇತ್ರ ಬದಲಾಗಿ, ಅದಕ್ಕೆ ಸಮಾನಾಂತರವಾಗಿ ಅಂಟಿಕೊಂಡು ಹೋಗುವ ಇನ್ನೊಂದು ವೈರ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಎರಡೂ ಜೊತೆಯಾಗಿ ಹೆಚ್ಚು ದೂರ ಸಾಗಿದಷ್ಟೂ, ಹೆಚ್ಚು ಹತ್ತಿರವಿದ್ದಷ್ಟೂ ಈ ಪರಿಣಾಮ ಹೆಚ್ಚು.

ಹೀಗೆ ಹುಟ್ಟಿದ ವೋಲ್ಟೇಜ್ ಸಾಮಾನ್ಯವಾಗಿ ಕಿಡಿ ಹಾರಿಸುವಷ್ಟು ದೊಡ್ಡದಿರುವುದಿಲ್ಲ. ಆದರೆ ಆ ಎರಡನೆಯ ಸಿಲಿಂಡರ್‌ನಲ್ಲಿ ಆಗ ಒತ್ತಡ ತೀರ ಕಡಿಮೆಯಿದ್ದು, ಉರಿಯಬಲ್ಲ ಮಿಶ್ರಣವೂ ತುಂಬಿದ್ದರೆ ಅಷ್ಟೇ ಸಾಕಾಗಬಹುದು. ಷೆವರ್ಲೆ ಸ್ಮಾಲ್ ಬ್ಲಾಕ್‌ನ ಆರ್ಡರ್ ಅನ್ನು ಮತ್ತೊಮ್ಮೆ ನೋಡಬೇಕು: 1-8-4-3-6-5-7-2. ಐದು ಉರಿದ ಕೂಡಲೇ ಏಳು ಉರಿಯುತ್ತದೆ. ಐದು ಮತ್ತು ಏಳು ಎಡ ಸಾಲಿನಲ್ಲಿ ಅಕ್ಕಪಕ್ಕದ ಸಿಲಿಂಡರ್‌ಗಳು. ಅವುಗಳ ವೈರ್‌ಗಳು ಕ್ಯಾಪ್‌ನಲ್ಲಿಯೂ ಅಕ್ಕಪಕ್ಕ, ಹೋಗಬೇಕಾದ ಜಾಗವೂ ಒಂದೇ ಕಡೆ. ವಿ8ನಲ್ಲಿ ಒಂದು ಸಿಲಿಂಡರ್‌ಗೂ ಮುಂದಿನದಕ್ಕೂ ಕ್ರ್ಯಾಂಕ್ ಶಾಫ್ಟ್‌ನ ಅಂತರ 90 ಡಿಗ್ರಿ. ಐದರ ಕಿಡಿ ಮೇಲ್ತುದಿಗೆ 10 ಡಿಗ್ರಿ ಮೊದಲು ಹಾರಿದರೆ ಆ ಕ್ಷಣದಲ್ಲಿ ಏಳನೆಯ ಪಿಸ್ಟನ್ ತನ್ನ ಮೇಲ್ತುದಿಗೆ 100 ಡಿಗ್ರಿ ಹಿಂದಿರುತ್ತದೆ: ಮಿಶ್ರಣ ಒಳಬಂದಿದೆ, ಸಂಕೋಚನ ಈಗಷ್ಟೇ ಆರಂಭವಾಗಿದೆ, ಒತ್ತಡ ಇನ್ನೂ ಏರಿಲ್ಲ. ಅಲ್ಲಿ ಕಿಡಿ ಹಾರಿದರೆ ಉರಿಯುವ ಅನಿಲ ಮೇಲೇರುತ್ತಿರುವ ಪಿಸ್ಟನ್‌ಗೆ ಎದುರಾಗಿ ಹಿಗ್ಗುತ್ತದೆ. ನಾಕಿಂಗ್ ಸದ್ದು ಅದರದ್ದೇ. ಮುಂದುವರಿದರೆ ಪಿಸ್ಟನ್ ಬಿರುಕು ಬಿಡುತ್ತದೆ. ಟೈಮಿಂಗ್ ಐದಾರು ಡಿಗ್ರಿ ಹಿಂದಕ್ಕೆ ಸರಿಸಿ ಇದನ್ನು ಗುಣಪಡಿಸಲಾಗದು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಫೋರ್ಡ್ ಎಫ್‌ಇಯಲ್ಲಿ ಇದೇ ಸ್ಥಾನ 7 ಮತ್ತು 8ರದ್ದು.

ಸಾಲಿನ ಸಿಕ್ಸ್‌ನಲ್ಲಿ ಅಪಾಯ ಕಡಿಮೆ. 1-5-3-6-2-4ರಲ್ಲಿ ಒಂದಾದ ಮೇಲೊಂದು ಉರಿಯುವ ಯಾವ ಜೋಡಿಯೂ ಅಕ್ಕಪಕ್ಕದ ಸಿಲಿಂಡರ್‌ಗಳಲ್ಲ, ಅಂತರವೂ 120 ಡಿಗ್ರಿ. ಆದರೂ ಆರೂ ವೈರ್‌ಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದಾಗ ಸಿಲಿಂಡರ್‌ಗಳ ನಡುವಿನ ದೂರ ಏನೂ ಉಪಯೋಗಕ್ಕೆ ಬರುವುದಿಲ್ಲ.

ಪತ್ತೆಯ ವಿಧಾನ ಸರಳವಾಗಿದೆ. ಸಂಶಯದ ವೈರ್‌ಗಳನ್ನು ಕ್ಲಿಪ್‌ಗಳಿಂದ ಬಿಡಿಸಿ, ತಾತ್ಕಾಲಿಕವಾಗಿ ಒಂದನ್ನೊಂದು ದೂರ ಹಿಡಿಯುವಂತೆ ಒಣ ಮರದ ತುಂಡನ್ನೋ ರಬ್ಬರ್ ಕೊಳವೆಯನ್ನೋ ನಡುವೆ ಕೊಟ್ಟು, ಮ್ಯಾನಿಫೋಲ್ಡ್‌ಗೆ ತಾಗದಂತೆ ಕಟ್ಟಿ, ಲಘುವಾದ ಏರಿನಲ್ಲಿ ಸ್ವಲ್ಪ ದೂರ ಓಡಿಸಿ ನೋಡಬೇಕು. ಸದ್ದು ನಿಂತರೆ ಕಾರಣ ಸಿಕ್ಕಂತೆ. ಆ ಸಿಲಿಂಡರ್‌ನ ಪ್ಲಗ್ ತೆಗೆದು ನೋಡಿದರೆ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಸಣ್ಣ ಹೊಳೆಯುವ ಕಣಗಳು ಕಾಣಬಹುದು. ಹಾಗೆ ಕಂಡರೆ ಪಿಸ್ಟನ್ ಆಗಲೇ ಪೆಟ್ಟು ತಿಂದಿದೆ, ಕಂಪ್ರೆಷನ್ ಪರೀಕ್ಷೆ ಮಾಡದೆ ಮುಂದೆ ಓಡಿಸಬಾರದು.

ವೈರ್‌ಗಳನ್ನು ಮತ್ತೆ ಹಾಯಿಸುವುದು

ಪ್ರದರ್ಶನಕ್ಕೆ ಸಿದ್ಧವಾದ ಎಂಜಿನ್‌ಗಳಲ್ಲಿ ವೈರ್‌ಗಳನ್ನೆಲ್ಲ ಒಟ್ಟುಗೂಡಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿರುವುದನ್ನು ಎಷ್ಟೋ ಕಡೆ ಕಾಣಬಹುದು. ನೋಡಲು ಅಚ್ಚುಕಟ್ಟು, ಕಿಡಿಯ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ. ಮೂಲ ತಯಾರಕರು ಕೊಟ್ಟ ಬೇರ್ಪಡಿಕೆ ಕ್ಲಿಪ್‌ಗಳು ವಿಕಾರವಾಗಿ ಕಂಡರೂ ಅವುಗಳಿಗೆ ಉದ್ದೇಶವಿದೆ. ಕಳೆದುಹೋಗಿದ್ದರೆ ಅಂಥವೇ ಹುಡುಕಿ ಹಾಕಬೇಕು.

ಷೆವರ್ಲೆ ವಿ8ನಲ್ಲಿ ಐದು ಮತ್ತು ಏಳರ ವೈರ್‌ಗಳನ್ನು ಒಂದೇ ಕ್ಲಿಪ್‌ನ ಅಕ್ಕಪಕ್ಕದ ತೋಡುಗಳಲ್ಲಿ ಕೂರಿಸಬಾರದು. ಅವುಗಳ ನಡುವೆ ಒಂದನೆಯದನ್ನೋ ಮೂರನೆಯದನ್ನೋ ತರಬೇಕು, ಇಲ್ಲವೇ ಏಳನೆಯದನ್ನು ಬೇರೆಯೇ ದಾರಿಯಲ್ಲಿ ಹಿಂದಿನಿಂದ ಹಾಯಿಸಬೇಕು. ಎಲ್ಲ ವೈರ್‌ಗಳ ನಡುವೆಯೂ ಎರಡೂವರೆ ಸೆಂಟಿಮೀಟರ್‌ನಷ್ಟು ಅಂತರ ಸಿಕ್ಕರೆ ಚಿಂತೆಯಿಲ್ಲ. ಜಾಗ ಸಾಲದಿದ್ದರೆ ಈ ಒಂದು ಜೋಡಿಗಾದರೂ ಅದನ್ನು ಉಳಿಸಿಕೊಳ್ಳಬೇಕು. ಒಂದನ್ನೊಂದು ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ದಾಟಿಸಬೇಕು, ಏಕೆಂದರೆ ಸಮಾನಾಂತರ ಓಟವಿಲ್ಲದ ಕಡೆ ಇಂಡಕ್ಷನ್ ಬಹುತೇಕ ಇರುವುದಿಲ್ಲ. ಕಾಯಿಲ್‌ನಿಂದ ಕ್ಯಾಪ್‌ಗೆ ಬರುವ ನಡುವಿನ ವೈರ್‌ನಲ್ಲಿ ಪ್ರತಿ ಸಿಲಿಂಡರ್‌ನ ಕಿಡಿಯೂ ಹಾಯುತ್ತದೆ. ಅದನ್ನು ಯಾವ ಪ್ಲಗ್ ವೈರ್ ಜೊತೆಗೂ ಸೇರಿಸಬಾರದು.

ಹಳೆಯ ಷೆವರ್ಲೆ ಸಿಕ್ಸ್‌ಗಳಲ್ಲಿ ಕೆಲಸ ಹಗುರ. ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್‌ಗಳು ಎಂಜಿನ್‌ನ ಬಲಗಡೆ, ಮ್ಯಾನಿಫೋಲ್ಡ್‌ಗಳು ಎಡಗಡೆ ಇರುವುದರಿಂದ ಬಿಸಿಯ ಕಾಟ ಹೆಚ್ಚಿಲ್ಲ. ಅಲ್ಲಿ ಗಮನಿಸಬೇಕಾದುದು ಉದ್ದವನ್ನು: ಒಂದು ಮತ್ತು ಆರನೆಯ ವೈರ್‌ಗಳು ಉದ್ದ, ನಡುವಿನವು ಗಿಡ್ಡ, ಒಂದೇ ಉದ್ದಕ್ಕೆ ಕತ್ತರಿಸಿದ ಸೆಟ್ ಹಾಕಿದರೆ ನಡುವಿನವು ಜೋತುಬಿದ್ದು ಬ್ಲಾಕ್‌ಗೆ ಉಜ್ಜುತ್ತವೆ. ಆರಂಭದ ಫೋರ್ಡ್ ಫ್ಲಾಟ್‌ಹೆಡ್‌ಗಳಲ್ಲಿ ವೈರ್‌ಗಳು ಲೋಹದ ಕೊಳವೆಯೊಳಗೆ ಹಾದುಹೋಗುತ್ತವೆ. ಕೊಳವೆ ಅರ್ತ್ ಆಗಿರುತ್ತದೆ, ಅದರ ಬಾಯಿಯ ಅಂಚು ಹರಿತವಾಗಿರುತ್ತದೆ. 7 ಮಿಲಿಮೀಟರ್ ದಪ್ಪದ ವೈರ್‌ಗೆಂದು ಮಾಡಿದ ಆ ಕೊಳವೆಗೆ 8 ಮಿಲಿಮೀಟರ್‌ನದನ್ನು ತುರುಕಿದರೆ ಇನ್ಸುಲೇಷನ್ ಸೇರಿಸುವಾಗಲೇ ಸಿಪ್ಪೆ ಏಳುತ್ತದೆ. ಹೆಚ್ಚು ದಪ್ಪ ಎಂದರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಿರುಗಿ ಕಚ್ಚುತ್ತದೆ. ಅಂಚುಗಳನ್ನು ಅರದಿಂದ ಉಜ್ಜಿ ನಯಮಾಡಿ, ಬಾಯಿಗೆ ರಬ್ಬರ್ ಗ್ರಾಮೆಟ್ ಹಾಕಿ, ಅನಂತರ ವೈರ್ ಎಳೆಯಬೇಕು. ಬಟ್ಟೆಯ ಹೆಣಿಗೆ ಇರುವ ಹಳೆಯ ನೋಟದ ವೈರ್ ಬೇಕೆಂದರೆ, ಹೆಣಿಗೆಯ ಒಳಗೆ ಆಧುನಿಕ ಇನ್ಸುಲೇಷನ್ ಇರುವುದನ್ನು ಆರಿಸಬೇಕು. ಬರಿಯ ಬಟ್ಟೆ ಮತ್ತು ಹಳೆಯ ರಬ್ಬರ್ ಎಣ್ಣೆ ಹೀರಿ ಬೇಗ ಮೆತ್ತಗಾಗುತ್ತವೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ವೈರ್ ಕೆಲವು ಸೆಂಟಿಮೀಟರ್ ದೂರವಿರಬೇಕು. ಎಂಜಿನ್ ತಣ್ಣಗಿರುವಾಗ ಅಳೆದರೆ ಸಾಲದು, ಬಿಸಿಯಾಗಿ ವೈರ್ ಮೆತ್ತಗಾದ ಮೇಲೂ ನೋಡಬೇಕು. ಪ್ಲಗ್ ತುದಿ ಮ್ಯಾನಿಫೋಲ್ಡ್‌ನ ಸಮೀಪವೇ ಇದ್ದರೆ ಸಿಲಿಕೋನ್ ಬೂಟ್ ಹಾಕಿ, ಅದರ ಒಳಮೈಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಬೇಕು, ಇದರಿಂದ ತೇವ ಒಳಹೋಗದು ಮತ್ತು ಬೂಟ್ ಪಿಂಗಾಣಿಗೆ ಅಂಟಿ ಹರಿಯದು. ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಓಲಾಡುತ್ತದೆ, ಬಾಡಿ ಓಲಾಡುವುದಿಲ್ಲ. ಆದ್ದರಿಂದ ಬಾಡಿಗೆ ಕಟ್ಟಿದ ಕಾಯಿಲ್‌ನಿಂದ ಬರುವ ವೈರ್‌ಗೆ ಸ್ವಲ್ಪ ಸಡಿಲ ಬಿಡಬೇಕು. ಬಹಳ ಹಳೆಯ ಕ್ಲಿಪ್‌ಗಳಿಗೆ ಬಣ್ಣ ಬಳಿದಿದ್ದರೆ ಒಳತೋಡಿನಲ್ಲಿ ಉಳಿದ ಬಣ್ಣದ ಮುಳ್ಳುಗಳನ್ನೂ ಕೆರೆದು ತೆಗೆಯಬೇಕು.

ಕಾಯಿಲ್‌ನ ಧ್ರುವ

ಆರು ವೋಲ್ಟ್ ಪಾಸಿಟಿವ್ ಅರ್ತ್‌ನಿಂದ ಹನ್ನೆರಡು ವೋಲ್ಟ್ ನೆಗೆಟಿವ್ ಅರ್ತ್‌ಗೆ ಬದಲಾಯಿಸಿದ ಟ್ರಕ್‌ಗಳಲ್ಲಿ ಇದನ್ನು ಮರೆಯದೆ ನೋಡಬೇಕು. 1955ರವರೆಗಿನ ಫೋರ್ಡ್‌ಗಳು ಪಾಸಿಟಿವ್ ಅರ್ತ್‌ನವು. ಪ್ಲಗ್‌ನ ನಡುವಿನ ತುದಿ ಬಿಸಿಯಾಗಿರುವುದರಿಂದ ಎಲೆಕ್ಟ್ರಾನ್‌ಗಳು ಅಲ್ಲಿಂದ ಹೊರಡುವುದು ಸುಲಭ. ಆದ್ದರಿಂದ ಆ ತುದಿ ನೆಗೆಟಿವ್ ಆಗಿರಬೇಕು. ಕಾಯಿಲ್‌ನ ಎರಡು ಸಣ್ಣ ತಂತಿಗಳು ಅದಲುಬದಲಾದರೆ ಎಂಜಿನ್ ಓಡುತ್ತದೆ, ಆದರೆ ಪ್ಲಗ್‌ಗೆ ಗಣನೀಯವಾಗಿ ಹೆಚ್ಚು ವೋಲ್ಟೇಜ್ ಬೇಕಾಗಿ, ವೈರ್‌ಗಳು ಎಷ್ಟೇ ಒಳ್ಳೆಯವಾಗಿದ್ದರೂ ಭಾರದಲ್ಲಿ ಮಿಸ್ಸಿಂಗ್ ಬರುತ್ತದೆ. ಪರೀಕ್ಷೆಗೆ ಪೆನ್ಸಿಲ್ ಸಾಕು: ವೈರ್‌ನ ತುದಿಯನ್ನು ಇನ್ಸುಲೇಷನ್ ಇಕ್ಕಳದಿಂದ ಪ್ಲಗ್‌ನಿಂದ ಕೆಲವು ಮಿಲಿಮೀಟರ್ ದೂರ ಹಿಡಿದು, ಉದ್ದವಾದ ಮರದ ಪೆನ್ಸಿಲ್‌ನ ಸೀಸದ ಮೊನೆಯನ್ನು ಕಿಡಿಯ ನಡುವೆ ತರಬೇಕು. ಕಿಡಿ ಮೊನೆಯಿಂದ ಪ್ಲಗ್ ಕಡೆಗೆ ಹರಡಿಕೊಂಡರೆ ಧ್ರುವ ಸರಿ. ವೈರ್ ಕಡೆಗೆ ಹರಡಿಕೊಂಡರೆ ಕಾಯಿಲ್‌ನ ತಂತಿಗಳನ್ನು ಅದಲುಬದಲು ಮಾಡಬೇಕು.

ವೈರ್‌ಗಳದ್ದು ತಪ್ಪಿಲ್ಲವಾದಾಗ

ಮೇಲಿನ ಎಲ್ಲವೂ ಸರಿಯಿದ್ದು ಭಾರದಲ್ಲಿ ಇನ್ನೂ ಮಿಸ್ಸಿಂಗ್ ಇದ್ದರೆ ಪ್ಲಗ್‌ನ ಗ್ಯಾಪ್ ಅಳೆಯಬೇಕು. ಹಳೆಯ ಷೆವರ್ಲೆ ವಿ8ಗೆ ಅದು 0.035 ಇಂಚು, ಅಂದರೆ ಸುಮಾರು 0.9 ಮಿಲಿಮೀಟರ್. ಗ್ಯಾಪ್ ಅಗಲವಾದಷ್ಟೂ ಬೇಕಾಗುವ ವೋಲ್ಟೇಜ್ ಹೆಚ್ಚು. ಅನಂತರ ಕಂಡೆನ್ಸರ್ ಮತ್ತು ಪಾಯಿಂಟ್, ಅನಂತರ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಅಲುಗಾಟ, ಅದಾದ ಮೇಲೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಗಾಳಿ ಸೋರಿಕೆ. ಕಾರ್ಬ್ಯುರೇಟರ್‌ನ ಸರದಿ ಇವುಗಳ ನಂತರ.

ದುರಸ್ತಿಯ ಬಳಿಕ ಗಾಡಿಯನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಏರಿನಲ್ಲಿ ಮೇಲಿನ ಗೇರ್‌ನಲ್ಲಿಯೇ ಕಡಿಮೆ ವೇಗದಿಂದ ಥ್ರಾಟಲನ್ನು ನಿಧಾನವಾಗಿ ಪೂರ್ತಿ ತೆರೆಯಬೇಕು. ಪ್ಲಗ್ ಅತಿ ಹೆಚ್ಚು ವೋಲ್ಟೇಜ್ ಕೇಳುವುದು ಈ ಸ್ಥಿತಿಯಲ್ಲಿ. ನಾಕಿಂಗ್ ಕೇಳಿಸಿದ ಕ್ಷಣವೇ ಕಾಲು ತೆಗೆಯಬೇಕು. ಹಿಂತಿರುಗಿದ ಮೇಲೆ ಎಂಜಿನ್ ಬಿಸಿಯಿರುವಾಗಲೇ ಬಾನೆಟ್ ಎತ್ತಿ, ಪ್ರತಿ ವೈರ್ ತನ್ನ ಕ್ಲಿಪ್‌ನಲ್ಲಿಯೇ ಇದೆಯೇ, ಕ್ಯಾಪ್‌ನ ಕಂಬಗಳಿಂದ ಯಾವುದಾದರೂ ಟರ್ಮಿನಲ್ ಒಳಗಿನ ಗಾಳಿಯೊತ್ತಡಕ್ಕೆ ಅರ್ಧ ಮೇಲೆ ಬಂದಿದೆಯೇ ಎಂದು ನೋಡಬೇಕು. ಹೊಸ ಬೂಟ್ ಒತ್ತುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ ವೈರನ್ನು ಮೇಲಕ್ಕೆ ತಳ್ಳುತ್ತದೆ. ಬೂಟ್‌ನ ಅಂಚನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ತುಸು ಎತ್ತಿ ಗಾಳಿ ಬಿಟ್ಟು, ಟರ್ಮಿನಲ್ ಟಕ್ಕೆಂದು ಕೂರುವವರೆಗೆ ಮತ್ತೆ ಒತ್ತಬೇಕು.